ಬೇಲಿ ಮುರಿದ ಆನೆ ಮತ್ತು ಪ್ಯಾಸಿವ್ ವಾಯ್ಸ್

ಸೋಮವಾರಪೇಟೆ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಆಕ್ಟಿವ್‌ನಿಂದ ಪ್ಯಾಸಿವ್‌ಗೆ, ಅಂದರೆ ಕರ್ತರಿಯಿಂದ ಕರ್ಮಣಿಗೆ ಬದಲಾಯಿಸುವ ಪಾಠ ಬಂದರೆ ಮೊದಲೆಲ್ಲ ಸೂತ್ರ ಬರೆಸುತ್ತಿದ್ದೆ. ಆಬ್ಜೆಕ್ಟ್ (ಕರ್ಮ) ಮುಂದಕ್ಕೆ, ಆಮೇಲೆ ‘ಈಸ್’, ‘ಆರ್’, ‘ವಾಸ್’ ಥರದ ‘ಬಿ’ ವರ್ಬ್, ಆಮೇಲೆ ಕ್ರಿಯಾಪದದ ಮೂರನೇ ರೂಪ, ಕೊನೆಗೆ ‘ಬೈ’. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಮಾರನೇ ವಾರ ಮರೆಯುತ್ತಿದ್ದರು. ಕನ್ನಡದಲ್ಲಿ ‘ಮುರಿಯಲ್ಪಟ್ಟಿತು’ ಅಂತ ಬಿಡಿಸಿ ಹೇಳಿದರೆ ಇನ್ನೂ ಕಷ್ಟ. ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ ಅಲ್ವಾ?

ಒಂದು ಸಂಜೆ ಒಬ್ಬ ಹುಡುಗ ತಡವಾಗಿ ಬಂದ. “ಮಿಸ್, ನಮ್ಮ ತೋಟದ ಬೇಲೀನ ಆನೆ ಮುರಿದು ಹಾಕಿದೆ” ಅಂದ. ಅವನು ಬೇಲಿಯನ್ನೇ ಮೊದಲು ಹೇಳಿದ್ದ. ಅವನ ಚಿಂತೆ ಇದ್ದದ್ದು ಬೇಲಿಯದ್ದು.

ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಮೂರು ಚೀಟಿ ಮಾಡಿದೆ. ‘ದಿ ಎಲಿಫೆಂಟ್’, ‘ಬ್ರೋಕ್’, ‘ದಿ ಫೆನ್ಸ್’. ನೆಲದ ಮೇಲೆ ಸಾಲಾಗಿ ಇಟ್ಟು, “ಬೇಲಿ ಮೊದಲು ಬರಲಿ” ಅಂದೆ. ಒಬ್ಬಳು ಆ ತುದಿಯ ಚೀಟಿ ಈ ತುದಿಗೆ, ಈ ತುದಿಯದ್ದು ಆ ತುದಿಗೆ ಇಟ್ಟಳು. ‘ದಿ ಫೆನ್ಸ್ ಬ್ರೋಕ್ ದಿ ಎಲಿಫೆಂಟ್.’ ಬೇಲಿಯೇ ಆನೆಯನ್ನು ಮುರಿದು ಹಾಕಿತ್ತು! ಎಲ್ಲರೂ ನಕ್ಕರು.

ಕನ್ನಡದಲ್ಲಿ ‘ಅನ್ನು’ ಇದೆ. ಬೇಲಿ ಹಿಂದೆ ಬಂದರೂ ಮುಂದೆ ಬಂದರೂ ಯಾವುದು ಯಾವುದನ್ನು ಮುರಿಯಿತು ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ‘ಫೆನ್ಸ್’ಗೆ ಅಂಥ ಪ್ರತ್ಯಯ ಇಲ್ಲ, ನಿಂತ ಜಾಗವೇ ಗುರುತು. ಜಾಗ ಬದಲಾದರೆ ಕ್ರಿಯಾಪದವೂ ಬದಲಾಗಲೇಬೇಕು. ‘ಬ್ರೋಕ್’ ತೆಗೆದು ‘ವಾಸ್ ಬ್ರೋಕನ್’ ಇಟ್ಟೆ. ‘ದಿ ಎಲಿಫೆಂಟ್’ಗೆ ಮೊದಲು ‘ಬೈ’ ಸೇರಿಸಿದೆ. ಈ ಸಲ ಯಾರೂ ನಗಲಿಲ್ಲ.

‘ಬೈ’ ಎಲ್ಲಿ ಬೇಡ ಅನ್ನುವುದನ್ನು ಕಾಫಿಯಿಂದ ಹೇಳಿಕೊಟ್ಟೆ. ಹಣ್ಣು ಕುಯ್ತಾರೆ, ಸಿಪ್ಪೆ ಬಿಡಿಸುವ ಪಲ್ಪರ್‌ ಯಂತ್ರಕ್ಕೆ ಹಾಕ್ತಾರೆ, ಕಣದಲ್ಲಿ ಒಣಗಿಸ್ತಾರೆ. ಯಾರು? ನಾವು ಹೇಳುವುದೇ ಇಲ್ಲ. ಇಂಥ ಕಡೆ ಇಂಗ್ಲಿಷಿನಲ್ಲಿ ಪ್ಯಾಸಿವ್ ತಾನಾಗಿ ಬರುತ್ತದೆ: ‘ದಿ ಬೆರೀಸ್ ಆರ್ ಪಿಕ್ಡ್, ಪಲ್ಪ್ಡ್ ಅಂಡ್ ಡ್ರೈಡ್.’ ಕೊನೆಗೆ ‘ಬೈ ದೆಮ್’ ಅಂತ ಸುಮ್ನೆ ಅಂಟಿಸುವುದು ನನಗೆ ಇಷ್ಟವಿಲ್ಲ.

ಕಾಲ ತಪ್ಪುವುದೇ ಜಾಸ್ತಿ. ಕಾಲ ತೋರಿಸುವ ಕೆಲಸ ‘ಬಿ’ ವರ್ಬ್ ಮತ್ತು ಅದರ ಜೊತೆ ಬರುವ ‘ಹ್ಯಾವ್’ ಥರದ ಪದಗಳದ್ದು. ಈಗ ಕುಯ್ಯುತ್ತಿದ್ದರೆ ‘ಆರ್ ಬೀಯಿಂಗ್ ಪಿಕ್ಡ್’, ಕುಯ್ದು ಆಗಿದ್ದರೆ ‘ಹ್ಯಾವ್ ಬೀನ್ ಪಿಕ್ಡ್’. ‘ಪಿಕ್ಡ್’ ಕದಲುವುದಿಲ್ಲ. ‘ಮಳೆ ಬಿತ್ತು’ ಥರದ ವಾಕ್ಯದಲ್ಲಿ ಕರ್ಮವೇ ಇಲ್ಲ, ಅದನ್ನು ಬದಲಾಯಿಸಲು ಹೋಗಬಾರದು.

ಮರುವಾರ ಆ ಹುಡುಗ ‘ದಿ ಫೆನ್ಸ್ ಹ್ಯಾಸ್ ಬೀನ್ ರಿಪೇರ್ಡ್’ ಅಂತ ಬರೆದು ತಂದ.

“ಯಾರು ರಿಪೇರಿ ಮಾಡಿದ್ದಪ್ಪಾ?”

“ಅಪ್ಪ, ನಾನು, ಮಿಸ್. ಎರಡು ದಿನ ಹಿಡೀತು.”

“ಹಾಗಾದರೆ ಅದನ್ನೂ ಬರಿ.”

‘ಬೈ ಮೈ ಫಾದರ್ ಅಂಡ್ ಐ’ ಅಂತ ಸೇರಿಸಿದ. ಒಂದು ಕ್ಷಣ ನೋಡಿ, ‘ಐ’ ಹೊಡೆದು ‘ಮಿ’ ಮಾಡಿದ.