ಡೌನ್‌ಲೋಡ್ ಎಣಿಕೆಯ ಆಚೆಗೆ: ಓದುಗರ ಡೇಟಾಬೇಸ್ ಬಳಕೆಯನ್ನು ನಾನು ಅಳೆದ ಬಗೆ

ಧಾರವಾಡದ ಒಂದು ಸ್ನಾತಕೋತ್ತರ ಸಂಸ್ಥೆಯ ಗ್ರಂಥಾಲಯ ನನ್ನ ಜವಾಬ್ದಾರಿ. ಸಂಶೋಧನಾ ಲೇಖನಗಳ ಆನ್‌ಲೈನ್ ಡೇಟಾಬೇಸ್‌ಗಳ ಚಂದಾ ನವೀಕರಿಸುವ ಹೊತ್ತಿಗೆ ಸಮಿತಿಯವರು ಕೇಳುವ ಪ್ರಶ್ನೆ ಒಂದೇ: "ಈ ಡೇಟಾಬೇಸ್ ಯಾರರ ಬಳಸ್ತಾರೇನ್ರಿ?" ಡೌನ್‌ಲೋಡ್ ಸಂಖ್ಯೆ ತೋರಿಸಿದರೆ ಅವರ ಪ್ರಶ್ನೆಗೆ ಉತ್ತರವಾಯಿತು. ಹುಡುಕಿ ಬರಿಗೈಲಿ ಎದ್ದು ಹೋದವರ ಲೆಕ್ಕ ಮಾತ್ರ ಆ ಸಂಖ್ಯೆಯಲ್ಲಿ ಬರುವುದಿಲ್ಲ. ನನಗೆ ಬೇಕಾಗಿದ್ದು ಅದೇ.

ಶುರು ಮಾಡಿದ್ದು ಪ್ರಕಾಶಕರು ಕೊಡುವ 'ಕೌಂಟರ್' (COUNTER) ವರದಿಗಳಿಂದ. ಆನ್‌ಲೈನ್ ಬಳಕೆಯನ್ನು ಎಲ್ಲ ಪ್ರಕಾಶಕರೂ ಒಂದೇ ರೀತಿ ಎಣಿಸಲೆಂದು 2003ರಿಂದ ಜಾರಿಯಲ್ಲಿರುವ ನಿಯಮಾವಳಿ ಅದು. ಈಗಿನ ಆವೃತ್ತಿ 5.1. ಸಾರಾಂಶ ನೋಡಿದರೂ ಪೂರ್ಣ ಲೇಖನ ತೆರೆದರೂ ಅದು 'ಇನ್ವೆಸ್ಟಿಗೇಷನ್'. ಪೂರ್ಣ ಲೇಖನ ತೆರೆದರೆ ಮಾತ್ರ 'ರಿಕ್ವೆಸ್ಟ್'. 30 ಸೆಕೆಂಡಿನೊಳಗೆ ಅದೇ ಕೊಂಡಿಯನ್ನು ಮತ್ತೆ ಒತ್ತಿದರೆ ಒಂದೇ ಎಣಿಕೆ. ನಾನು 'ಒಟ್ಟು' ಬಿಟ್ಟು 'ಯುನಿಕ್' ರಿಕ್ವೆಸ್ಟ್‌ಗಳನ್ನೇ ಹಿಡಿದೆ. ಕೆಲವು ತಾಣಗಳಲ್ಲಿ ಲೇಖನ ಮೊದಲು ಪರದೆಯ ಮೇಲೆ ತೆರೆದು, ಆಮೇಲೆ ಪಿಡಿಎಫ್ ಇಳಿಯುತ್ತದೆ. ಒಟ್ಟು ಲೆಕ್ಕದಲ್ಲಿ ಅದು ಎರಡಾಗುತ್ತದೆ, ಯುನಿಕ್‌ನಲ್ಲಿ ಒಂದೇ. ಹುಡುಕಾಟದ ಸಂಖ್ಯೆಯಲ್ಲೂ ಎಚ್ಚರ ಬೇಕು. ಓದುಗ ತಾನಾಗಿ ಆರಿಸದೆ ಹಲವು ಡೇಟಾಬೇಸ್‌ಗಳಲ್ಲಿ ಒಟ್ಟಿಗೆ ನಡೆದ ಹುಡುಕಾಟ 'ಆಟೊಮೇಟೆಡ್' ಎಂದು ಬೇರೆ ಸಾಲಿನಲ್ಲಿ ಬರುತ್ತದೆ. ಅದನ್ನು ಆಸಕ್ತಿ ಎಂದು ಓದಬಾರದು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಯಾರೂ ತೆರೆದು ನೋಡದ ನಿರಾಕರಣೆಯ ವರದಿ. ಚಂದಾ ಇಲ್ಲದ್ದಕ್ಕೆ ಬಾಗಿಲು ಮುಚ್ಚಿದ್ದೆಷ್ಟು, ಏಕಕಾಲದ ಬಳಕೆದಾರರ ಮಿತಿ ಮೀರಿದ್ದಕ್ಕೆ ಹೊರಗುಳಿದದ್ದೆಷ್ಟು, ಎರಡೂ ಅದರಲ್ಲಿ ಬೇರೆ ಬೇರೆ ಸಿಗುತ್ತವೆ. ಯಾವ ಪತ್ರಿಕೆಗಾಗಿ ಮಕ್ಕಳು ಮತ್ತೆ ಮತ್ತೆ ಬಾಗಿಲು ಬಡಿದಿದ್ದಾರೆ ಎಂಬುದನ್ನು ಸಮಿತಿಯ ಮುಂದಿಟ್ಟಾಗ ಚರ್ಚೆಯ ದಿಕ್ಕೇ ಬದಲಾಯಿತು.

ಆದರೂ 'ಯಾಕೆ' ಎಂಬುದು ವರದಿಯಲ್ಲಿ ಇರುವುದಿಲ್ಲ. ಹಾಗಾಗಿ ಒಪ್ಪಿಗೆ ಕೇಳಿ ಓದುಗರ ಪಕ್ಕದಲ್ಲಿ ಕುಳಿತೆ. ಏನು ಹುಡುಕುತ್ತಿದ್ದೀರಿ, ಈಗ ಇದನ್ನೇ ಯಾಕೆ ಒತ್ತಿದಿರಿ ಎಂದಷ್ಟೇ ಕೇಳುವುದು; ದಾರಿ ತೋರಿಸುವುದಿಲ್ಲ. ಸುಮ್ಮನೆ ನೋಡುತ್ತಾ ಕೂರುವುದು ಗ್ರಂಥಪಾಲಕರಿಗೆ ಬಹಳ ಕಷ್ಟ, ಕೈ ಮೌಸಿನ ಕಡೆಗೇ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಪ್ರಬಂಧದ ಶೀರ್ಷಿಕೆಯನ್ನು ಇಡಿಯಾಗಿ ಟೈಪ್ ಮಾಡಿ, "ಏನೂ ಸಿಗವಲ್ದ್ರೀ ಸರ" ಅಂದಳು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಲೇಖಕ ಒಂದೊಂದು ಥರ ಬರೆದಿರುತ್ತಾನೆ. ನಮ್ಮ ಅವಳಿ ನಗರದ್ದೂ ಅದೇ ಪಾಡು: 2014ರ ನವೆಂಬರ್ 1ರಂದು 'ಹುಬ್ಳಿ' ಅಧಿಕೃತವಾಗಿ 'ಹುಬ್ಬಳ್ಳಿ' ಆಯಿತು, ಹಳೆಯ ಲೇಖನಗಳು ಹಳೆಯ ಕಾಗುಣಿತದಲ್ಲೇ ಉಳಿದಿವೆ. ಧಾರವಾಡಕ್ಕಂತೂ ಬ್ರಿಟಿಷರ ಕಾಲದ 'ಧಾರ್ವಾರ್' ಬೇರೆ. ಫಲಿತಾಂಶ ಶೂನ್ಯವಾದ ಹುಡುಕಾಟಗಳಲ್ಲಿ ಇಂಥವು ಎದ್ದು ಕಾಣುತ್ತಿದ್ದವು.

ಹಾಸ್ಟೆಲ್‌ನಿಂದ, ಮನೆಯಿಂದ ಬಳಸುವವರ ಜಾಡು ರಿಮೋಟ್ ಲಾಗಿನ್ ದಾಖಲೆಯಲ್ಲಿ ಸಿಗುತ್ತದೆ. ಅದರಿಂದ ವಿಭಾಗ ಮತ್ತು ಸಮಯವನ್ನಷ್ಟೇ ತೆಗೆದುಕೊಂಡು ಹೆಸರು, ಐಡಿ ಅಳಿಸಿಬಿಟ್ಟೆ. ಯಾರು ಏನು ಓದಿದರು ಎಂಬುದು ನಮಗೂ ಬೇಡ, ಆಡಳಿತಕ್ಕೂ ಬೇಡ.

ಒಂದು ಬಳಕೆಗೆ ಎಷ್ಟು ಖರ್ಚು ಎಂದು ಭಾಗಿಸಿ ನೋಡುವ ರೂಢಿ ಇದೆ. ನಾನೂ ಅದನ್ನು ಕೊಡುತ್ತೇನೆ, ಆದರೆ ವಿಭಾಗವಾರು. ಬೆರಳೆಣಿಕೆಯ ಸಂಶೋಧಕರಿರುವ ಇತಿಹಾಸ ವಿಭಾಗವನ್ನು ರಸಾಯನಶಾಸ್ತ್ರದ ಜೊತೆ ತೂಗುವುದು ಅನ್ಯಾಯ.

ಈಗ ಪ್ರತಿ ಕಂಪ್ಯೂಟರ್ ಪಕ್ಕದಲ್ಲೂ ಈ ಭಾಗದ ಊರುಗಳ ಬೇರೆ ಬೇರೆ ಕಾಗುಣಿತಗಳ ಹಾಳೆ ಅಂಟಿಸಿದ್ದೇವೆ, ಎಲ್ಲವನ್ನೂ ನಡುವೆ 'ಆರ್' (OR, ಅಂದರೆ 'ಅಥವಾ') ಹಾಕಿ ಒಟ್ಟಿಗೆ ಹುಡುಕುವ ಮಾದರಿ ಸಮೇತ. ನಿರಾಕರಣೆಯ ಪಟ್ಟಿಯಲ್ಲಿ ಮೇಲಿರುವ ಪತ್ರಿಕೆಗಳ ಲೇಖನಗಳನ್ನು ಬೇರೆ ಗ್ರಂಥಾಲಯಗಳಿಂದ ತರಿಸಿಕೊಡುತ್ತಿದ್ದೇವೆ. ಮುಂದಿನ ಸಲ ಅಳೆಯುವಾಗ ಮೊದಲು ನೋಡುವುದು ಶೂನ್ಯ ಫಲಿತಾಂಶದ ಸಾಲುಗಳನ್ನೇ.