ಬಾಕಿ ಪಟ್ಟಿ ಕಿತ್ತ ಮೇಲೆ

ಗದಗದ ಮಾರ್ಕೆಟ್ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ. ಬಂದ ಚೀಲ ಎಷ್ಟು, ರೈತನಿಗೆ ಹೋದ ರೊಕ್ಕ ಎಷ್ಟು, ದಿನವೂ ಇದೇ. ಹಾಗಾಗಿ ಎಂಟು ವರ್ಷದ ಹಿಂದೆ ನಮ್ಮ ಚರ್ಚಿನ ಸಭೆಗೆ ಖಜಾಂಚಿ ಬೇಕಾದಾಗ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಸಣ್ಣ ಸಭೆ ನಮ್ಮದು. ಮಗ್ಗದವರು, ಆಟೋ ಓಡಿಸುವವರು, ನರ್ಸುಗಳು, ಒಂದಿಬ್ಬರು ಮಾಸ್ತರರು. ಲೆಕ್ಕ ತಾನೇ, ಬರೆದರಾಯಿತು ಅಂತ ಒಪ್ಪಿಕೊಂಡೆ.

ಮೊದಲ ವರ್ಷ ನಾನು ಮಾಡಿದ ಒಂದು ಕೆಲಸ ಇವತ್ತಿಗೂ ನೋಯುತ್ತದೆ. ತಿಂಗಳ ಚಂದಾ ಸರಿಯಾಗಿ ಬರುತ್ತಿರಲಿಲ್ಲ. 'ಬಾಕಿ ಪಟ್ಟಿ ಬರೆದು ಬೋರ್ಡಿಗೆ ಹಚ್ಚಿರಿ, ತಾವಾಗೇ ತಂದು ಕೊಡ್ತಾರ' ಅಂತ ಕಮಿಟಿಯಲ್ಲಿ ಮಾತು ಬಂತು. ಉದ್ರಿ ಪಟ್ಟಿ ಬರೆದು ರೂಢಿಯಾದ ಕೈ ನನ್ನದು. ಗೆರೆ ಎಳೆದು, ಹೆಸರು, ಎಷ್ಟು ತಿಂಗಳು, ಎಷ್ಟು ರೂಪಾಯಿ, ಎಲ್ಲ ಚಂದವಾಗಿ ಬರೆದೆ. ಮೊತ್ತವನ್ನು ಕೆಂಪು ಇಂಕಿನಲ್ಲಿ ಬರೆದೆ. ಮೂರನೇ ಹೆಸರು ಆಟೋ ಓಡಿಸುವ ಒಬ್ಬ ತಮ್ಮನದು. ಹದಿನಾಲ್ಕು ತಿಂಗಳ ಬಾಕಿ. ಆ ವರ್ಷ ಅವನ ಹೆಂಡತಿಗೆ ಆಪರೇಷನ್ ಆಗಿತ್ತು. ಅದು ನನಗೆ ಗೊತ್ತಿತ್ತು. ಆದರೂ ಬರೆದೆ.

ಭಾನುವಾರ ಆರಾಧನೆ ಮುಗಿಸಿ ಎಲ್ಲರೂ ಹೊರಗೆ ಬಂದರು. ಅವನ ಹಿರಿಮಗಳು ಆಗಷ್ಟೇ ಓದಲು ಕಲಿತಿದ್ದಳು. ಕಂಡಿದ್ದನ್ನೆಲ್ಲ ಓದುವ ವಯಸ್ಸು. ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಅಪ್ಪಾ, ಇಲ್ಲಿ ನಿನ್ನ ಹೆಸರ ಐತಿ!' ಅಂತ ಖುಷಿಯಿಂದ ಕೂಗಿದಳು. ಅವನು ಏನೂ ಮಾತಾಡಲಿಲ್ಲ. ಮಗಳ ಕೈ ಹಿಡಿದುಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅವನ ಮನೆಗೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಬೈಯುತ್ತಾನೆ ಅಂದುಕೊಂಡಿದ್ದೆ. ಚಹಾ ಕೊಟ್ಟು ಮೆಲ್ಲಗೆ ಹೇಳಿದ: 'ಅಣ್ಣಾ, ಕೊಡಾಕ ಆಗಲಿಲ್ಲ ಅಂತ ನನಗ ನಾಚಿಕಿ ಇಲ್ಲ. ನನ್ನ ಕಷ್ಟ ದೇವರಿಗೆ ಗೊತ್ತೈತಿ. ಒಂದ ಮಾತು ಕೇಳ್ತೀನಿ. ನಾವು ಕೊಡದೆ ಇದ್ದದ್ದು ಬೋರ್ಡಿಗೆ ಹಚ್ಚಿದ್ರಿ. ಕೊಟ್ಟಿದ್ದು ಎಲ್ಲಿ ಹೋತು ಅಂತ ಯಾವತ್ತರ ಹಚ್ಚೀರೇನು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯಲ್ಲಿ ಮಾಲು ಮಾರಿದ ರೈತನಿಗೆ ಲೆಕ್ಕದ ಪಟ್ಟಿ ಕೊಡದೆ ಕಳಿಸಿದರೆ ಮುಂದಿನ ಸಲ ಅವನು ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ಅಲ್ಲಿ ಇಷ್ಟು ಗೊತ್ತಿದ್ದ ನಾನು, ಸಭೆಯಲ್ಲಿ ವರ್ಷಕ್ಕೊಮ್ಮೆ ಲೆಕ್ಕ ಗಡಿಬಿಡಿಯಲ್ಲಿ ಓದಿ ಮುಗಿಸುತ್ತಿದ್ದೆ.

ನಮ್ಮ ಕನ್ನಡ ಬೈಬಲಿನಲ್ಲಿ ಒಂದು ಒಳ್ಳೆಯ ಮಾತಿದೆ, ಮನೆವಾರ್ತೆಯವನು ಅಂತ. ಯಜಮಾನನ ಮನೆ, ಯಜಮಾನನ ಸೊತ್ತು, ನೋಡಿಕೊಳ್ಳುವವನು ಇವನು. ಅವನು ನಂಬಿಗಸ್ತನಾಗಿರಬೇಕು ಅಂತ ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ದಶಮಾಂಶದ, ಅಂದರೆ ದುಡಿಮೆಯ ಹತ್ತರಲ್ಲೊಂದು ಪಾಲು ಕೊಡುವುದರ ಪ್ರಸಂಗ ಬಂದಾಗಲೆಲ್ಲ ನಾವು ಈ ಮಾತನ್ನು ಕೊಡುವವರ ಮೇಲೆ ಹಾಕುತ್ತೇವೆ. ಆದರೆ ಕೊಟ್ಟದ್ದನ್ನು ಇಟ್ಟುಕೊಂಡವನು ಮೊದಲ ಮನೆವಾರ್ತೆಯವನು, ಅಲ್ವಾ? ಯೆರೂಸಲೇಮಿನ ಬಡವರಿಗೆ ಪೌಲನು ಹಣ ಕೂಡಿಸಿದಾಗ, ಅದನ್ನು ಒಯ್ಯಲು ತನ್ನ ಜೊತೆಗೆಲಸದ ತೀತನ ಜೊತೆ ಇನ್ನೂ ಇಬ್ಬರನ್ನು ಕಳಿಸಿದ. ಯಾರೂ ಬೆರಳು ತೋರಿಸಬಾರದು ಅಂತ. ಅದು ಎರಡನೇ ಪತ್ರದ ಎಂಟನೇ ಅಧ್ಯಾಯ. ಅಪೊಸ್ತಲನಿಗೇ ಅಷ್ಟು ಎಚ್ಚರ ಇತ್ತು.

ಕಮಿಟಿಯಲ್ಲಿ ಎದ್ದು ನಿಂತು, ತಪ್ಪು ನನ್ನದು, ಬಾಕಿ ಪಟ್ಟಿ ಇನ್ನು ಬೇಡ ಅಂದೆ. ಬಾಕಿ ಇದೆ ಅಂತ ಮದುವೆಗೆ, ಮಣ್ಣಿಗೆ ಮಾತ್ರ ಯಾವತ್ತೂ ತಡೆ ಮಾಡಬಾರದು ಅಂತಲೂ ಹೇಳಿದೆ. ಇಬ್ಬರು ಹಿರಿಯರು ಒಪ್ಪಲಿಲ್ಲ. ಪಾದ್ರಿ ಅಯ್ಯನವರು ನನ್ನ ಪರವಾಗಿ ನಿಂತರು.

ಅಂದಿನಿಂದ ಕಾಣಿಕೆ ಎಣಿಸುವ ರೀತಿ ಬದಲಾಯಿತು. ಚೀಲವನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಆರಾಧನೆ ಮುಗಿದ ಕೂಡಲೇ, ಬಾಗಿಲು ತೆರೆದೇ ಇಟ್ಟು, ಮೇಜಿನ ಮೇಲೆ ಸುರಿಯುತ್ತೇವೆ. ಎಣಿಸುವವರು ಇಬ್ಬರು, ಪರಸ್ಪರ ಸಂಬಂಧಿಕರಲ್ಲ. ಪ್ರತಿ ತಿಂಗಳು ಜೋಡಿ ಬದಲಾಗುತ್ತದೆ. ನಾನು ರೊಕ್ಕ ಮುಟ್ಟುವುದಿಲ್ಲ, ಬರೆಯುತ್ತೇನೆ ಅಷ್ಟೇ. ಮೊತ್ತದ ಕೆಳಗೆ ಮೂವರ ಸಹಿ. ಸೋಮವಾರ ಅಷ್ಟೂ ಬ್ಯಾಂಕಿಗೆ. ಭಾನುವಾರ ಬಂದ ಕಾಣಿಕೆಯಿಂದಲೇ ಹೂವಿನವರಿಗೆ, ಚಹಾದವರಿಗೆ ಕೊಟ್ಟು ಉಳಿದದ್ದು ಕಟ್ಟುವ ರೂಢಿ ಮೊದಲಿತ್ತು. ಅದನ್ನು ನಿಲ್ಲಿಸಲು ಜಗಳವನ್ನೇ ಆಡಬೇಕಾಯಿತು. ಬಂದದ್ದು ಪೂರ್ತಿ ಜಮಾ ಆಗಬೇಕು, ಖರ್ಚು ಬೇರೆ ಬರಬೇಕು. ಎರಡೂ ಕಲಸಿದರೆ ದೇವದೂತ ಬಂದು ಕೂತರೂ ಕಿರ್ದಿ ಹೊಂದುವುದಿಲ್ಲ.

ಎಣಿಸುವಾಗ ಪ್ರತಿ ವಾರ ಒಂದು ಹತ್ತರ ನೋಟು ಸಿಗುತ್ತದೆ. ಮಡಚಿ ಮಡಚಿ ಹೆಬ್ಬೆರಳಿನ ಉಗುರಿನಷ್ಟು ಮಾಡಿರುತ್ತಾರೆ. ಸೆರಗಿನ ಗಂಟಿನಲ್ಲಿ ಇದ್ದು ಬಂದ ನೋಟು, ಸ್ವಲ್ಪ ಎಲೆ ಅಡಿಕೆ ವಾಸನೆ ಇರುತ್ತದೆ. ಬಿಡಿಸಲು ಹೊತ್ತು ಹಿಡಿಯುತ್ತದೆ. ಯಾರದು ಅಂತ ಮೇಜಿನ ಸುತ್ತ ಇರುವ ಎಲ್ಲರಿಗೂ ಗೊತ್ತು, ಯಾರೂ ಹೆಸರು ಹೇಳುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬಡ ವಿಧವೆ ತನ್ನಲ್ಲಿದ್ದದ್ದನ್ನೆಲ್ಲ ಕಾಣಿಕೆ ಹಾಕಿದ ಆ ಎರಡು ಕಾಸು ನನಗೆ ಅರ್ಥ ಆದದ್ದು ಪ್ರಸಂಗದಲ್ಲಿ ಅಲ್ಲ, ಆ ಮೇಜಿನ ಮುಂದೆ.

ತಿಂಗಳ ಮೊದಲ ಭಾನುವಾರ ಅದೇ ಬೋರ್ಡಿಗೆ ಒಂದು ಹಾಳೆ ಹಚ್ಚುತ್ತೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೊಟ್ಟವರ ಹೆಸರಿಲ್ಲ. ಖರ್ಚು ಮಾತ್ರ ಬಿಡಿಬಿಡಿಯಾಗಿ: ಕರೆಂಟು, ನೀರು, ಗುಡಿಸುವ ಅಕ್ಕನ ಪಗಾರ, ಕಾಯಿಲೆಯವರಿಗೆ ಕೊಟ್ಟ ಸಹಾಯ. ಮೊದಲ ಹಾಳೆ ನೋಡಿದ ಒಬ್ಬ ಹಿರಿಯರು, 'ಕರೆಂಟಿಗೆ ಇಷ್ಟಾ?' ಅಂತ ಬೆರಗಾಗಿ, ಮುಂದಿನ ವಾರ ತಾವೇ ಹೊಸ ಲೈಟು ತಂದು ಹಾಕಿಸಿದರು. ಮಗ್ಗದ ಒಬ್ಬರು ವೇದಿಕೆಯ ಬಟ್ಟೆ ನೇಯ್ದುಕೊಟ್ಟರು. ಗುಡಿಸುವ ಅಕ್ಕನ ಪಗಾರ ಎಷ್ಟು ಕಡಿಮೆ ಅಂತ ಸ್ತ್ರೀಯರ ಕೂಟದವರಿಗೆ ಗೊತ್ತಾದದ್ದೂ ಆ ಹಾಳೆಯಿಂದಲೇ. ಎರಡೇ ತಿಂಗಳಲ್ಲಿ ಪಗಾರ ಏರಿತು. ಯಾರ ಮನೆಗೂ ಪಟ್ಟಿ ಎತ್ತಲು ಹೋಗಲಿಲ್ಲ. ಜನ ಜಿಪುಣರಲ್ಲ. ಯಾವುದಕ್ಕೆ ಅಂತ ಕಣ್ಣಿಗೆ ಕಂಡರೆ ಕೊಡುತ್ತಾರೆ.

ನಮ್ಮ ಮನೆಯದೂ ಹೇಳುತ್ತೇನೆ, ಸುಮ್ನೆ ಬೇರೆಯವರ ಕಾಣಿಕೆ ಬಗ್ಗೆ ಬರೆಯುವುದು ಸರಿಯಲ್ಲ. ಪಗಾರ ಬಂದ ದಿನ ಹತ್ತರಲ್ಲಿ ಒಂದು ಭಾಗ ನನ್ನಾಕೆ ತೆಗೆದು ಡಬ್ಬಿಯಲ್ಲಿ ಇಡುತ್ತಾಳೆ. ರೇಷನ್‌ಗಿಂತ ಮೊದಲು. ಉಳಿದರೆ ಕೊಡೋಣ ಅಂದ ತಿಂಗಳು ನಮ್ಮಲ್ಲಿ ಯಾವತ್ತೂ ಉಳಿದಿಲ್ಲ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಮೂರನೇ ವರ್ಷದ ದಶಮಾಂಶ ದೇವರ ಸೇವೆಯ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಅಂತಿದೆ. ಅದನ್ನು ನೋಡಿ ನಾವು ಎರಡು ಪಾಲು ಸಭೆಗೆ, ಒಂದು ಪಾಲು ಓಣಿಯಲ್ಲಿ ಕಷ್ಟದಲ್ಲಿರುವವರಿಗೆ ಅಂತ ಮಾಡಿಕೊಂಡಿದ್ದೇವೆ. ಅವರು ಯಾವ ಧರ್ಮದವರು ಅಂತ ಕೇಳುವುದಿಲ್ಲ. ಮಗಳು ಕಾಲೇಜಿಗೆ ಸೇರಿದ ವರ್ಷ ಹತ್ತರಲ್ಲಿ ಒಂದು ಆಗಲೇ ಇಲ್ಲ. ಇಷ್ಟೇ ಆಗುತ್ತದೆ ಸ್ವಾಮಿ ಅಂತ ಪ್ರಾರ್ಥನೆಯಲ್ಲಿ ಹೇಳಿ ಅರ್ಧ ಕೊಟ್ಟೆವು.

ಕೊಟ್ಟರೆ ದುಪ್ಪಟ್ಟು ಬರುತ್ತದೆ ಅಂತ ಬೈಬಲಿನಲ್ಲಿರುವ ಮಲಾಕಿಯ ಪುಸ್ತಕದ ಮೂರನೇ ಅಧ್ಯಾಯ ಹಿಡಿದು ಸಾರುವವರಿದ್ದಾರೆ. ನನಗೆ ದುಪ್ಪಟ್ಟು ಬಂದಿಲ್ಲ. ಬರಲಿ ಅಂತ ಕೊಟ್ಟದ್ದೂ ಅಲ್ಲ. ಸಾಲ ಮಾಡಿ ಕಾಣಿಕೆ ಹಾಕಿ ಆಮೇಲೆ ಬಡ್ಡಿ ಕಟ್ಟುತ್ತಿರುವ ಮನೆ ನೋಡಿದ್ದೇನೆ. ಅಂಥ ಬೋಧನೆ ಬಡವರ ಹೊಟ್ಟೆ ಮೇಲೆ ಹೊಡೆಯುತ್ತದೆ. ಪೌಲನು ಹೇಳಿದ್ದು, ಬಲಾತ್ಕಾರದಿಂದ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಸಂತೋಷವಾಗಿ ಕೊಡಲಿ ಅಂತ.

ಹೊರಗಿನ ಹಣದ ಆಸೆಯೂ ಬರುತ್ತದೆ. ನಮ್ಮವರೊಬ್ಬರ ಮಗ ದುಬೈನಲ್ಲಿದ್ದಾನೆ, ಇನ್ನೊಬ್ಬರ ತಮ್ಮ ಹೊರದೇಶದ ಪೌರತ್ವ ತೆಗೆದುಕೊಂಡಿದ್ದಾರೆ. ಇಬ್ಬರೂ ಚಾವಣಿ ರಿಪೇರಿಗೆ ಕೊಡಲು ಮುಂದೆ ಬಂದರು. ಭಾರತದ ಪೌರನಾಗಿಯೇ ಇರುವವನು ತನ್ನ ದುಡಿಮೆಯ ಹಣ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಯಿಸಿದವರದು 2010ರ ವಿದೇಶಿ ದೇಣಿಗೆ ಕಾಯ್ದೆ ಪ್ರಕಾರ ವಿದೇಶಿ ದೇಣಿಗೆ ಆಗುತ್ತದೆ, ಸರ್ಕಾರದ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಬೇಡ ಅಂದೆವು. ಅವರಿಗೆ ಬೇಜಾರಾಯಿತು.

ಆಗ ಒಬ್ಬ ಅಜ್ಜ ಹಳೆಯದನ್ನು ನೆನಪಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಬೆಟಗೇರಿಗೆ 1841ರಲ್ಲಿ. ಬಹಳ ಕಾಲ ಹಣ ಆ ಮಿಶನ್ನಿನಿಂದಲೇ ಬರುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಅದರ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದು ಕೂಡಿಹಾಕಿದಾಗ ಆ ದಾರಿ ಮುಚ್ಚಿತು. 'ಆಗ ನಮ್ಮ ಹಿರಿಯಾರು ಜ್ವಾಳ ತಂದು ಕೊಟ್ಟು ಸಭಾ ನಡಿಸ್ಯಾರ' ಅಂದರು ಅಜ್ಜ. ಆ ವರ್ಷದ ಸುಗ್ಗಿ ಆರಾಧನೆಯಲ್ಲಿ ಬಂದ ಕಾಳು, ಕುಂಬಳಕಾಯಿ, ಕೋಳಿ ಲಿಲಾವು ಹಾಕಿ ಚಾವಣಿಗೆ ಇಟ್ಟೆವು. ಅರ್ಧ ಹಂಚು ಬದಲಾಗಿದೆ. ಇನ್ನರ್ಧ ಬಾಕಿ ಇದೆ.

ಆಟೋ ತಮ್ಮ ಏಳು ತಿಂಗಳಾದ ಮೇಲೆ ಬಂದ. ಈಗ ಎಣಿಸುವ ಜೋಡಿಯಲ್ಲಿ ಅವನೂ ಇದ್ದಾನೆ. ಕೊರೊನಾ ಆದ ಮೇಲೆ ಬಾಗಿಲ ಹತ್ತಿರ ಕ್ಯೂಆರ್ ಕೋಡ್ ಹಚ್ಚಿದ್ದೇವೆ, ಅರ್ಧ ಜನ ಫೋನಿನಲ್ಲೇ ಕಳಿಸುತ್ತಾರೆ. ನನಗೆ ಲೆಕ್ಕ ಸುಲಭ. ಅವನು ಮಾತ್ರ ಒಂದು ದಿನ, 'ಅಣ್ಣಾ, ಹುಡುಗರು ಚೀಲ ಬಂದ್ರ ಸುಮ್ನ ಮುಂದ ದಾಟಿಸ್ತಾವ, ಕೈಯಾಗ ಏನೂ ಇರಂಗಿಲ್ಲ' ಅಂದ. ನಿಜ. ನಾವು ಚಿಕ್ಕವರಿದ್ದಾಗ ಅವ್ವ ಕೊಟ್ಟ ನಾಣ್ಯ ಬೆವರಿನಲ್ಲಿ ಒದ್ದೆಯಾಗುವವರೆಗೂ ಹಿಡಿದುಕೊಂಡು ಕೂತಿರುತ್ತಿದ್ದೆವು. ಈಗ ಅವನು ಪ್ರತಿ ಶನಿವಾರ ಬಾಡಿಗೆಯಲ್ಲಿ ಬಂದ ಚಿಲ್ಲರೆ ತೆಗೆದಿಡುತ್ತಾನೆ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಫೋನಿನಲ್ಲಿ ಕಳಿಸಿದ ಅಪ್ಪ ಅಮ್ಮಂದಿರಿಗೆ ನೋಟು ಮುರಿದು ಕೊಡುತ್ತಾನೆ, ಮಕ್ಕಳ ಕೈಗೆ ಇರಲಿ ಅಂತ.