ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಖರ್ಚಿಲ್ಲದ ವೈದ್ಯಕೀಯ ಬೇಸಿಗೆ ಶಿಬಿರ: ಅರ್ಜಿ ಹಾಕುವುದು ಹೇಗೆ?

ಅಮೆರಿಕದಲ್ಲಿ ಡಾಕ್ಟರ್ ಆಗುವ ದಾರಿ ಉದ್ದ. ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಪದವಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಅದಾದ ಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಮನೆಯಲ್ಲಿ ಡಾಕ್ಟರ್ ಇದ್ದರೆ ಯಾವ ತರಗತಿಯಲ್ಲಿ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದೆಲ್ಲ ಮಕ್ಕಳಿಗೆ ಊಟಕ್ಕೆ ಕೂತಾಗಲೇ ಕಿವಿಗೆ ಬೀಳುತ್ತದೆ. ಆ ಅನುಕೂಲ ಇಲ್ಲದ ಮಕ್ಕಳಿಗಾಗಿಯೇ ಅಲ್ಲಿನ ವಿಶ್ವವಿದ್ಯಾಲಯಗಳೂ ಆಸ್ಪತ್ರೆಗಳೂ ಜೂನ್‌ನಿಂದ ಆಗಸ್ಟ್‌ವರೆಗಿನ ರಜೆಯಲ್ಲಿ ಶಿಬಿರ ನಡೆಸುತ್ತವೆ. ಶುಲ್ಕ ಇರುವುದಿಲ್ಲ, ಕೆಲವೆಡೆ ಕೈಗೆ ಸ್ಟೈಪೆಂಡೂ ಸಿಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಕೆಲವರ ಮಕ್ಕಳಿಗೆ ಇದಕ್ಕೆ ಅರ್ಹತೆ ಇದ್ದರೂ 'ಇದು ನಮಗಲ್ಲ' ಎಂದುಕೊಂಡು ಅರ್ಜಿ ಹಾಕುವುದಿಲ್ಲ. ಇನ್ನು ಕೆಲವರು ಅರ್ಹತೆ ಇಲ್ಲದ ಕಡೆ ಹಾಕಿ ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಈ ಶಿಬಿರಗಳು ಯಾಕೆ ಹುಟ್ಟಿದವು ಎಂದು ತಿಳಿದರೆ ಅರ್ಜಿಯಲ್ಲಿ ಏನು ಕೇಳುತ್ತಾರೆ ಎಂಬುದೂ ಅರ್ಥವಾಗುತ್ತದೆ. ಮೆಡಿಕಲ್ ಸ್ಕೂಲುಗಳ ಗುಣಮಟ್ಟ ಅಳೆದ 1910ರ ಫ್ಲೆಕ್ಸ್‌ನರ್ ವರದಿಯ ಕಾಲಕ್ಕೆ ಅಮೆರಿಕದಲ್ಲಿ ಕಪ್ಪುಜನರ ಏಳು ಮೆಡಿಕಲ್ ಸ್ಕೂಲುಗಳಿದ್ದವು. ನಂತರದ ವರ್ಷಗಳಲ್ಲಿ ಐದು ಮುಚ್ಚಿದವು. ಉಳಿದದ್ದು ವಾಷಿಂಗ್ಟನ್ನಿನ ಹೊವಾರ್ಡ್ ಮತ್ತು ನ್ಯಾಶ್‌ವಿಲ್‌ನ ಮೆಹರಿ ಎರಡೇ. ಹೀಗೆ ಉಂಟಾದ ಕಪ್ಪು ವೈದ್ಯರ ಕೊರತೆ ತುಂಬಲು ದಶಕಗಳೇ ಸಾಲದಾದವು. ಮೂಲನಿವಾಸಿ ಮಕ್ಕಳಿಗಾಗಿ ನಾರ್ತ್ ಡಕೋಟ ವಿಶ್ವವಿದ್ಯಾಲಯದ ಇನ್‌ಮೆಡ್ ಎಂಬ ಕಾರ್ಯಕ್ರಮ 1973ರಲ್ಲಿ ಆರಂಭವಾಯಿತು. ಸ್ಟ್ಯಾನ್‌ಫರ್ಡ್‌ನ ಮೆಡಿಕಲ್ ಯೂತ್ ಸೈನ್ಸ್ ಪ್ರೋಗ್ರಾಂ 1988ರಿಂದ ನಡೆಯುತ್ತಿದೆ. ಐದು ವಾರದ ಈ ಶಿಬಿರ ಶುರುವಾದದ್ದೇ ಕಡಿಮೆ ಆದಾಯದ ಮನೆಯ ಮಕ್ಕಳಿಗಾಗಿ.

ಮೊದಲ ಹೆಜ್ಜೆ: ಅರ್ಹತೆ ನೋಡಿಕೊಳ್ಳಿ

ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ 2003ರಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು: ಜನಸಂಖ್ಯೆಯಲ್ಲಿ ಇರುವ ಪಾಲಿಗಿಂತ ವೈದ್ಯರಲ್ಲಿ ಪಾಲು ಕಡಿಮೆ ಇರುವ ಸಮುದಾಯಗಳಿಗೆ ಪ್ರಾತಿನಿಧ್ಯ ಸಾಲದು ಎಂದು. ಈ ಲೆಕ್ಕದಲ್ಲಿ ಭಾರತೀಯ ಮೂಲದವರು ಬರುವುದಿಲ್ಲ, ಅಲ್ಲಿ ಭಾರತೀಯ ವೈದ್ಯರು ಬೇಕಾದಷ್ಟಿದ್ದಾರೆ. ಆದರೆ ಬಹುತೇಕ ಶಿಬಿರಗಳಲ್ಲಿ ಜನಾಂಗ ಒಂದೇ ಅಳತೆಗೋಲಲ್ಲ. ಕಾಲೇಜು ಪ್ರವೇಶದಲ್ಲಿ ಜನಾಂಗ ಪರಿಗಣಿಸುವುದನ್ನು 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆದ ಮೇಲೆ ಹಲವು ಶಿಬಿರಗಳು ಆದಾಯ, ಪೋಷಕರ ಓದು, ಹಳ್ಳಿ ಅಥವಾ ವೈದ್ಯರ ಕೊರತೆ ಇರುವ ಪ್ರದೇಶ ಇವುಗಳ ಕಡೆಗೇ ಹೆಚ್ಚು ವಾಲಿವೆ. ಮೋಟೆಲ್, ಪೆಟ್ರೋಲ್ ಬಂಕ್, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಮನೆಯ ಮಕ್ಕಳು, ದೇವಸ್ಥಾನದ ಅರ್ಚಕರ ಮಕ್ಕಳು, ಒಬ್ಬರ ಸಂಬಳದಲ್ಲಿ ಐದಾರು ಜನ ಇರುವ ಮನೆಯವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಆದಾಯದ ಮಾತು ಬಂದಾಗ ಶಿಬಿರಗಳು ಸಾಮಾನ್ಯವಾಗಿ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಬಡತನ ರೇಖೆಯನ್ನು ಆಧಾರ ಮಾಡಿಕೊಳ್ಳುತ್ತವೆ. 2025ರಲ್ಲಿ ನಾಲ್ಕು ಜನರ ಕುಟುಂಬಕ್ಕೆ ಅದು 32,150 ಡಾಲರ್ ಇತ್ತು. ಅಲಾಸ್ಕ ಮತ್ತು ಹವಾಯಿಗೆ ಬೇರೆ ಲೆಕ್ಕ. ಶಾಲೆಯಲ್ಲಿ ಉಚಿತ ಊಟಕ್ಕೆ ಇದರ ಶೇ. 130, ಅಂದರೆ 2025ರ ಲೆಕ್ಕದಲ್ಲಿ 41,795 ಡಾಲರ್ ಮಿತಿ. ರಿಯಾಯಿತಿ ಊಟಕ್ಕೆ ಶೇ. 185, ಸುಮಾರು 59,478 ಡಾಲರ್. ಶೇ. 200 ತನಕ, ಅಂದರೆ 64,300 ಡಾಲರ್‌ವರೆಗೆ ಒಪ್ಪುವ ಶಿಬಿರಗಳೂ ಇವೆ. ಇಲ್ಲಿ ಒಂದು ತೊಡಕು: ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಈಗ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಊಟ ಉಚಿತ. ಹಾಗಾಗಿ 'ನಮ್ಮ ಮಗುವಿಗೆ ಉಚಿತ ಊಟ ಇದೆ' ಎಂಬ ಪತ್ರ ಅಲ್ಲಿ ಆದಾಯದ ಪುರಾವೆ ಆಗುವುದಿಲ್ಲ. ತೆರಿಗೆ ಪತ್ರವನ್ನೇ ಕೊಡಬೇಕು.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವ ಹಣ ತೆರಿಗೆ ಪತ್ರದ ಆದಾಯದಲ್ಲಿ ಕಳೆಯುವುದಿಲ್ಲ. ಅರ್ಜಿಯ ಕೊನೆಯಲ್ಲಿ 'ಹೆಚ್ಚುವರಿ ಮಾಹಿತಿ' ಅಂಕಣ ಇದ್ದರೆ ತಿಂಗಳಿಗೆ ಎಷ್ಟು, ಯಾವ ಕಾರಣಕ್ಕೆ ಎಂದು ಎರಡು ಸಾಲು ಬರೆಯಿರಿ.

'ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರು' ಎಂಬ ಚೌಕಕ್ಕೆ ಗುರುತು ಹಾಕುವಾಗ ನಮ್ಮವರು ಎಡವುವುದುಂಟು. ತಂದೆ ತಾಯಿ ಅಮೆರಿಕದಲ್ಲಿ ಓದಿಲ್ಲ ಎಂಬ ಕಾರಣಕ್ಕೆ ಹೌದು ಎಂದು ಗುರುತಿಸಬಾರದು. ಬೆಂಗಳೂರಿನಲ್ಲಿ ಓದಿದ ಬಿ.ಇ. ಕೂಡ ಪದವಿಯೇ. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಓದು ನಿಂತಿದ್ದರೆ ಧೈರ್ಯವಾಗಿ ಗುರುತು ಹಾಕಿ. ಮೂರು ವರ್ಷದ ಬಿ.ಎ., ಬಿ.ಕಾಂ. ಆಗಿದ್ದರೆ ಶಿಬಿರದ ಕಚೇರಿಗೆ ಮೊದಲೇ ಇಮೇಲ್ ಮಾಡಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಏಕೆಂದರೆ ಅನೇಕ ಕಡೆ 'ನಾಲ್ಕು ವರ್ಷದ ಪದವಿ' ಎಂದೇ ಬರೆದಿರುತ್ತಾರೆ.

ವೀಸಾ ವಿಷಯ

ಫೆಡರಲ್ ಹಣದಲ್ಲಿ ನಡೆಯುವ ಶಿಬಿರಗಳು ಬಹುಪಾಲು ನಾಗರಿಕರನ್ನು ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾದ) ಮಕ್ಕಳಿಗೆ ಇನ್ನೊಂದು ಅಡ್ಡಿ: ಅವರು ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಆಸ್ಪತ್ರೆ ಅಥವಾ ಲ್ಯಾಬ್ ಸ್ಟೈಪೆಂಡನ್ನು ಸಂಬಳವಾಗಿ ಕೊಟ್ಟು ಕೆಲಸಕ್ಕೆ ಸೇರುವವರಿಂದ ಪಡೆಯುವ ಐ-9 ಫಾರ್ಮ್ ತುಂಬಿಸಿಕೊಂಡರೆ ಅದು ಕೆಲಸವೇ ಆಯಿತು. ಆಯ್ಕೆಯಾದ ಮೇಲೆ ಇದು ಗೊತ್ತಾದರೆ ಸೀಟು ಬಿಡಬೇಕಾಗುತ್ತದೆ. ಎಚ್-4 ಮಕ್ಕಳು ಸ್ಟೈಪೆಂಡ್ ಇಲ್ಲದ, ಖಾಸಗಿ ದೇಣಿಗೆಯಿಂದ ನಡೆಯುವ, ವಲಸೆ ಸ್ಥಿತಿ ಕೇಳದ ಶಿಬಿರಗಳನ್ನು ಹುಡುಕಬೇಕು. ಸಂಶಯ ಇದ್ದರೆ ವಲಸೆ ವಕೀಲರನ್ನು ಕೇಳಿ. ವಾಟ್ಸ್ಯಾಪ್ ಗುಂಪಿನ ಮಾತು ನಂಬಿ ಮುಂದುವರಿಯಬೇಡಿ.

ಶಿಬಿರ ಆರಿಸುವುದು

ಮೊದಲು ಮನೆಯ ಹತ್ತಿರದ್ದನ್ನು ನೋಡಿ. ಹೆಸರಾಂತ ವಿಶ್ವವಿದ್ಯಾಲಯದ ಬೆನ್ನು ಹತ್ತುವುದಕ್ಕಿಂತ ಇದು ಲಾಭದ ಕೆಲಸ, ಏಕೆಂದರೆ ಅನೇಕ ಶಿಬಿರಗಳು ತಮ್ಮ ರಾಜ್ಯದ ಅಥವಾ ಜಿಲ್ಲೆಯ ಮಕ್ಕಳನ್ನಷ್ಟೇ ತೆಗೆದುಕೊಳ್ಳುತ್ತವೆ, ಸ್ಪರ್ಧೆಯೂ ಕಡಿಮೆ. ರಾಜ್ಯದ ಮೆಡಿಕಲ್ ಸ್ಕೂಲು, ದೊಡ್ಡ ಮಕ್ಕಳ ಆಸ್ಪತ್ರೆ, ನಿಮ್ಮ ಭಾಗದ ಏರಿಯಾ ಹೆಲ್ತ್ ಎಜುಕೇಶನ್ ಸೆಂಟರ್, ಈ ಮೂರು ಕಡೆ ವಿಚಾರಿಸಿ. ಕೊನೆಯದನ್ನು ಅಲ್ಲಿ 'ಎಹೆಕ್' ಎಂದು ಕರೆಯುತ್ತಾರೆ. ಹಳ್ಳಿಗಳಿಗೂ ಬಡ ಪ್ರದೇಶಗಳಿಗೂ ಆರೋಗ್ಯ ಸಿಬ್ಬಂದಿ ತಯಾರು ಮಾಡುವುದೇ ಅದರ ಕೆಲಸ. ಶಾಲೆಯ ಕೌನ್ಸೆಲರ್ ಬಳಿ ಇವುಗಳ ಮಾಹಿತಿ ಸಿಗಬಹುದು.

ಶಿಬಿರಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಆಸ್ಪತ್ರೆಯಲ್ಲಿ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಹಿಂದೆ ಓಡಾಡಿ ನೋಡುವುದು ಒಂದು. ಲ್ಯಾಬಿನಲ್ಲಿ ಆರೆಂಟು ವಾರ ಸಂಶೋಧನೆ ಮಾಡುವುದು ಇನ್ನೊಂದು. ಮೂರನೆಯದು ಓದಿನ ಬುನಾದಿ ಗಟ್ಟಿ ಮಾಡುವಂಥದ್ದು. ನ್ಯೂ ಆರ್ಲಿಯನ್ಸ್‌ನ ಝೇವಿಯರ್ ವಿಶ್ವವಿದ್ಯಾಲಯ ಹೈಸ್ಕೂಲು ಮಕ್ಕಳಿಗೆ ಬೇಸಿಗೆಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಕಲಿಸಿ ಇದರಲ್ಲಿ ಹೆಸರು ಮಾಡಿದೆ. ರಸಾಯನಶಾಸ್ತ್ರದಲ್ಲಿ ಮಗು ಹಿಂದಿದ್ದರೆ ಮೂರನೆಯದೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಪರೇಷನ್ ಥಿಯೇಟರ್ ನೋಡಿದ ಖುಷಿ ಕೆಲವು ದಿನ ಇರುತ್ತದೆ, ಆದರೆ ಕಾಲೇಜಿನ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಕೈಸೋತು ವೈದ್ಯಕೀಯದ ಆಸೆಯನ್ನೇ ಬಿಡುವ ಮಕ್ಕಳು ಬಹಳ.

ಹೆಸರು ನೋಡಿ ಮೋಸ ಹೋಗಬೇಡಿ. ಸಮ್ಮರ್ ಹೆಲ್ತ್ ಪ್ರೊಫೆಶನ್ಸ್ ಎಜುಕೇಶನ್ ಪ್ರೋಗ್ರಾಂ ತುಂಬಾ ಪ್ರಸಿದ್ಧ, ಆದರೆ ಅದು ಕಾಲೇಜಿಗೆ ಸೇರಿದವರಿಗೆ; ಹೈಸ್ಕೂಲಿನವರಿಗಲ್ಲ. ಇನ್ನು, ನಿಮ್ಮ ಮಗು 'ನಾಮನಿರ್ದೇಶನಗೊಂಡಿದೆ' ಎಂದು ಹೊಳೆಯುವ ಲಕೋಟೆಯಲ್ಲಿ ಪತ್ರ ಬಂದು, ಕೊನೆಗೆ ಸಾವಿರಾರು ಡಾಲರ್ ಶುಲ್ಕ ಕೇಳಿದರೆ ಅದು ವ್ಯಾಪಾರ. ಕಾಲೇಜಿನ ಪ್ರವೇಶ ಸಮಿತಿ ಅದಕ್ಕೆ ವಿಶೇಷ ತೂಕ ಕೊಡುವುದಿಲ್ಲ, ಸಾಲ ಮಾಡಿಯಂತೂ ಕಳಿಸಬೇಡಿ.

2025ರಲ್ಲಿ ಫೆಡರಲ್ ಅನುದಾನಕ್ಕೆ ಕತ್ತರಿ ಬಿದ್ದು ಕೆಲವು ಶಿಬಿರಗಳು ರದ್ದಾದವು. ಆದ್ದರಿಂದ ಹಳೆಯ ಪಟ್ಟಿಯನ್ನು ನಂಬದೆ, ಈ ವರ್ಷ ನಡೆಯುತ್ತದೆಯೇ ಎಂದು ಕಚೇರಿಗೇ ಕೇಳಿ. ಒಂದನ್ನೇ ನಂಬಿ ಕೂರದೆ ನಾಲ್ಕೈದಕ್ಕೆ ಅರ್ಜಿ ಹಾಕಿ.

ಅರ್ಜಿಯ ಕಾಗದಪತ್ರ

ಅರ್ಜಿಗಳು ನವೆಂಬರ್, ಡಿಸೆಂಬರ್‌ನಲ್ಲಿ ತೆರೆಯುತ್ತವೆ. ಬಹುತೇಕ ಕೊನೆಯ ದಿನ ಜನವರಿಯಿಂದ ಮಾರ್ಚ್ ಒಳಗೆ. ಏಪ್ರಿಲ್ ಹೊತ್ತಿಗೆ ಫಲಿತಾಂಶ. ಏಪ್ರಿಲ್‌ನಲ್ಲಿ ಹುಡುಕಲು ಶುರುಮಾಡಿದರೆ ಸಿಗುವುದು ದುಡ್ಡು ಕೇಳುವ ಶಿಬಿರಗಳೇ. ಹೆಚ್ಚಿನವು 11ನೇ ತರಗತಿಯಲ್ಲಿ ಇರುವವರಿಗೆ, ಕೆಲವು 10ನೇ ತರಗತಿಯವರಿಗೂ ಇವೆ. ಆಸ್ಪತ್ರೆಯೊಳಗೆ ಬಿಡಲು 16 ವರ್ಷ ತುಂಬಿರಬೇಕು ಎನ್ನುವ ಕಡೆ ಶಿಬಿರದ ಮೊದಲ ದಿನಕ್ಕೆ ವಯಸ್ಸು ಲೆಕ್ಕ ಹಾಕಿ.

ಬೇಕಾಗುವುದು: ಶಾಲೆಯ ಅಂಕಪಟ್ಟಿ, ಎರಡು ಶಿಫಾರಸು ಪತ್ರ, ಒಂದೆರಡು ಪ್ರಬಂಧ, ಪೋಷಕರ 1040 ತೆರಿಗೆ ಫಾರ್ಮ್‌ನ ಮೊದಲ ಎರಡು ಪುಟ. ತೆರಿಗೆ ಪತ್ರ ಕಳಿಸುವಾಗ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕಪ್ಪು ಮಾಡಿ. ಇತ್ತೀಚೆಗಷ್ಟೇ ಕರ್ನಾಟಕದಿಂದ ಹೋಗಿ ಸೇರಿದ ಮಗುವಾದರೆ ಎಸ್ಸೆಸ್ಸೆಲ್ಸಿ ಅಥವಾ ಒಂಬತ್ತನೇ ತರಗತಿ ಅಂಕಪಟ್ಟಿಯನ್ನು ಕೌನ್ಸೆಲರ್ ಮೂಲಕವೇ ಸೇರಿಸಿ, ನೇರ ಕಳಿಸಿದ್ದನ್ನು ಕೆಲವರು ಒಪ್ಪುವುದಿಲ್ಲ.

ಶಿಫಾರಸು ಪತ್ರಕ್ಕೆ ವಿಜ್ಞಾನ ಅಥವಾ ಗಣಿತದ ಟೀಚರನ್ನು ಕೊನೆಯ ದಿನಕ್ಕೆ ನಾಲ್ಕು ವಾರ ಮೊದಲೇ ಕೇಳಬೇಕು. ಕೇಳುವಾಗ ಅರ್ಧ ಪುಟದ ಟಿಪ್ಪಣಿ ಕೊಡಿ: ಅವರ ತರಗತಿಯಲ್ಲಿ ಮಾಡಿದ ಪ್ರಾಜೆಕ್ಟ್, ಮನೆಯ ಜವಾಬ್ದಾರಿ, ಯಾಕೆ ಈ ಶಿಬಿರ. ಇದು ಇಲ್ಲದಿದ್ದರೆ ಟೀಚರ್ 'ಒಳ್ಳೆಯ ವಿದ್ಯಾರ್ಥಿ' ಎಂದಷ್ಟೇ ಬರೆದು ಮುಗಿಸಬಹುದು. ಪರಿಚಯದ ಡಾಕ್ಟರ್ ಅಂಕಲ್ ಕೊಡುವ ಪತ್ರಕ್ಕಿಂತ ತರಗತಿಯಲ್ಲಿ ಮಗುವನ್ನು ಕಂಡ ಟೀಚರ್ ಪತ್ರ ಮೇಲು.

ಪ್ರಬಂಧವೇ ಆಯ್ಕೆಯ ಜೀವಾಳ. 'ಚಿಕ್ಕಂದಿನಿಂದ ಜನರ ಸೇವೆ ಮಾಡುವ ಆಸೆ' ಎಂಬ ಸಾಲನ್ನು ಓದುವವರು ಎಷ್ಟೋ ಅರ್ಜಿಗಳಲ್ಲಿ ಓದಿರುತ್ತಾರೆ. ಅದರ ಬದಲು ಒಂದೇ ಸಂಗತಿ ಹಿಡಿದು ಬರೆಯಲಿ. ಅಜ್ಜಿ ಏಕಾದಶಿ ಉಪವಾಸದ ದಿನವೂ ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ಬೆವೆತು, ಕೈ ನಡುಗಿ ಕುಸಿದರು ಎಂದುಕೊಳ್ಳಿ. ಊಟವಿಲ್ಲದ ದಿನ ಆ ಮಾತ್ರೆಯ ಬಗ್ಗೆ ಏನು ಮಾಡಬೇಕೆಂದು ಡಾಕ್ಟರ್ ಹೇಳಿರಲಿಲ್ಲ, ಏಕೆಂದರೆ ಉಪವಾಸದ ಸುದ್ದಿಯನ್ನೇ ಅವರು ಕೇಳಿರಲಿಲ್ಲ, ಅಜ್ಜಿಯೂ ಹೇಳಿರಲಿಲ್ಲ. ಮೊಮ್ಮಗಳು ಮುಂದಿನ ಭೇಟಿಗೆ ಏಕಾದಶಿಗಳ ಪಟ್ಟಿ ಬರೆದುಕೊಂಡು ಹೋದಳು. ಇಷ್ಟು ಬರೆದರೆ ಸಾಕು. ಆ ಹುಡುಗಿ ಏನನ್ನು ಗಮನಿಸುತ್ತಾಳೆ, ಗಮನಿಸಿ ಏನು ಮಾಡುತ್ತಾಳೆ ಎಂಬುದು ಓದುವವರಿಗೆ ಕಾಣುತ್ತದೆ. ಕಷ್ಟಗಳನ್ನು ಬರೆಯುವಾಗ ಅಂಕಿ ಇರಲಿ: ವಾರಕ್ಕೆ ಎಷ್ಟು ಗಂಟೆ ತಮ್ಮನನ್ನು ನೋಡಿಕೊಳ್ಳುತ್ತಾನೆ, ಬಸ್ಸಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ. ಎಐ ಬರೆದ ಪ್ರಬಂಧ ಸಂದರ್ಶನದಲ್ಲಿ ಸಿಕ್ಕಿಬೀಳುತ್ತದೆ, ಆ ದಾರಿ ಬೇಡ.

ಲಸಿಕೆ ಪತ್ರ: ನಮ್ಮ ಮಕ್ಕಳು ಸಿಕ್ಕಿಕೊಳ್ಳುವ ಜಾಗ

ಆಯ್ಕೆಯಾದ ಮೇಲೂ ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸುವುದು ಈ ಕಾಗದ. ಕರ್ನಾಟಕದಲ್ಲಿ ಹುಟ್ಟಿದ ಮಗುವಿಗೆ ಟಿಬಿ ತಡೆಯ ಬಿಸಿಜಿ ಲಸಿಕೆ ಹಾಕಿರುತ್ತಾರೆ. ಅದರಿಂದ ಟಿಬಿಯ ಚರ್ಮ ಪರೀಕ್ಷೆಯಲ್ಲಿ ಸೋಂಕಿಲ್ಲದಿದ್ದರೂ ಊತ ಬರಬಹುದು. ಆಮೇಲೆ ಎದೆಯ ಎಕ್ಸ್‌ರೇ, ಓಡಾಟ, ವಾರಗಟ್ಟಲೆ ತಡ. ಬಿಸಿಜಿ ಆಗಿದೆ ಎಂದು ಮೊದಲೇ ಹೇಳಿ, ಟಿಬಿಗೆ ಇಗ್ರಾ ಎಂಬ ರಕ್ತಪರೀಕ್ಷೆ ಮಾಡಿಸಿ. ಬಿಸಿಜಿಯಿಂದ ಅದರ ಫಲಿತಾಂಶ ಕೆಡುವುದಿಲ್ಲ. ಚರ್ಮ ಪರೀಕ್ಷೆಯೇ ಬೇಕೆಂದರೆ ಗುರುವಾರ ಮಾಡಿಸಬೇಡಿ. 48ರಿಂದ 72 ಗಂಟೆಯೊಳಗೆ ನರ್ಸ್ ಕೈ ನೋಡಬೇಕು, ಶನಿವಾರ ಭಾನುವಾರ ಕ್ಲಿನಿಕ್ ಮುಚ್ಚಿದ್ದರೆ ಮತ್ತೆ ಮೊದಲಿನಿಂದ.

ಇನ್ನೊಂದು ಕೊರತೆ ಮಂಗನಬಾವಿನದು. ಭಾರತದ ಸರ್ಕಾರಿ ಲಸಿಕೆಯಲ್ಲಿ ದಡಾರ ಮತ್ತು ರುಬೆಲ್ಲ ಮಾತ್ರ ಇವೆ, ಎಂ.ಆರ್. ಎಂದು ಕಾರ್ಡಿನಲ್ಲಿ ಬರೆದಿರುತ್ತದೆ. ಅಮೆರಿಕದ ಆಸ್ಪತ್ರೆ ಕೇಳುವುದು ಮಂಗನಬಾವೂ ಸೇರಿದ ಎಂ.ಎಂ.ಆರ್., ಅದೂ ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಸೀತಾಳೆ ಸಿಡುಬಿನ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ಅದಕ್ಕೂ ಎರಡು ಡೋಸ್. ಇವೆರಡೂ ಜೀವಂತ ಲಸಿಕೆಗಳಾದ್ದರಿಂದ ಟಿಬಿ ಪರೀಕ್ಷೆಯನ್ನು ಲಸಿಕೆ ಹಾಕಿಸುವ ದಿನವೇ ಮಾಡಿಸಿ, ಇಲ್ಲವೇ ನಾಲ್ಕು ವಾರ ಬಿಟ್ಟು ಮಾಡಿಸಿ. ಜೂನ್ ಶಿಬಿರಕ್ಕೆ ಫೆಬ್ರುವರಿಯಲ್ಲೇ ಮಕ್ಕಳ ಡಾಕ್ಟರನ್ನು ಕಂಡರೆ ಎಲ್ಲಕ್ಕೂ ಸಮಯ ಸಿಗುತ್ತದೆ.

ಶಿಬಿರದೊಳಗೆ

ಮೊದಲ ದಿನವೇ ರೋಗಿಯ ಗೋಪ್ಯತೆಯ ತರಬೇತಿ ಇರುತ್ತದೆ. ಹಿಪಾ ಎಂಬ 1996ರ ಕಾನೂನು ಅದರ ಮೂಲ. ವಾರ್ಡಿನಲ್ಲಿ ನಿಂತು ಸೆಲ್ಫಿ ತೆಗೆದು ಸ್ಟೇಟಸ್ ಹಾಕಿದರೆ, ಹಿಂದೆ ಒಂದು ಹೆಸರಿನ ಚೀಟಿ ಕಂಡರೂ ಮಗುವನ್ನು ಮನೆಗೆ ಕಳಿಸಬಹುದು. ಅಜ್ಜಿ ತಾತನಿಗೆ ವಿಡಿಯೊ ಕಾಲ್ ಕೂಡ ಆಸ್ಪತ್ರೆಯ ಹೊರಗೆ ಬಂದ ಮೇಲೇ.

ಶಸ್ತ್ರಚಿಕಿತ್ಸೆ ನೋಡುವ ದಿನ ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೋಗಬೇಕು. ಮಂಡಿ ಬಿಗಿಹಿಡಿದು ನಿಂತರೆ ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ; ಮಂಡಿ ಸ್ವಲ್ಪ ಸಡಿಲ ಇರಲಿ. ಬೆವರು ಬಂದು ಕಣ್ಣು ಕತ್ತಲಾದರೆ ಗೋಡೆ ಹತ್ತಿರ ಸರಿದು ನೆಲದ ಮೇಲೆ ಕೂತುಬಿಡಬೇಕು, ಸ್ವಚ್ಛ ಮಾಡಿಟ್ಟ ಉಪಕರಣದ ಮೇಜನ್ನು ಹಿಡಿಯಬಾರದು. ಹೀಗಾದ ಮಾತ್ರಕ್ಕೆ ಡಾಕ್ಟರ್ ಆಗಲು ನಾಲಾಯಕ್ ಎಂದು ಯಾರೂ ತಿಳಿಯುವುದಿಲ್ಲ.

ಮುಗಿಯುವ ಮೊದಲು ಕೆಲಸ ಕಲಿಸಿದ ಒಬ್ಬರಾದರೂ ಹಿರಿಯರ ಇಮೇಲ್ ಪಡೆದು, ಸೆಪ್ಟೆಂಬರ್‌ನಲ್ಲಿ ಒಂದು ಪತ್ರ ಬರೆಯಲಿ. ಕಾಲೇಜು ಅರ್ಜಿಗೆ ಬೇಕಾಗುವ ಶಿಫಾರಸು ಅಲ್ಲಿಂದಲೇ ಬರಬಹುದು.

ಆಯ್ಕೆ ಆಗದಿದ್ದರೆ ಕಾಯುವ ಪಟ್ಟಿಯಲ್ಲಿ ಹೆಸರು ಇಡಿ, ಏಕೆಂದರೆ ಮೇ ತಿಂಗಳಲ್ಲಿ ಸೀಟು ಬಿಡುವವರು ಇದ್ದೇ ಇರುತ್ತಾರೆ. ಜೊತೆಗೆ ಊರಿನ ಆಸ್ಪತ್ರೆಯ ಹದಿಹರೆಯದ ಸ್ವಯಂಸೇವಕರ ಪಟ್ಟಿಗೆ ಸೇರಿಸಿ. ಸಂಬಳ ಇಲ್ಲದ ನಿಜವಾದ ಸ್ವಯಂಸೇವೆ ಆಗಿದ್ದರೆ ಎಚ್-4 ಮಕ್ಕಳೂ ಮಾಡಬಹುದು. ಇದರ ಬೇಸಿಗೆ ನೋಂದಣಿಯೂ ಅನೇಕ ಕಡೆ ಚಳಿಗಾಲದಲ್ಲೇ ತೆರೆದು ಬೇಗ ತುಂಬುತ್ತದೆ, ಲಸಿಕೆ ಪತ್ರ ಅಲ್ಲಿಗೂ ಬೇಕು.